ನಾರ್ವೇಜಿಯನ್ ಭಾಷೆಯ ಉದ್ದ ಪದಗಳು: ಎಲ್ಲಿ ಬಿಡಿಸಬೇಕು, ಹೇಗೆ ಉಚ್ಚರಿಸಬೇಕು?



ಗಡಿಭಾಗದಲ್ಲಿ ಬೆಳೆದವರಿಗೆ ಇನ್ನೊಂದು ಭಾಷೆಯ ಬೋರ್ಡು ಓದುವುದು ಹೊಸದಲ್ಲ. ಕಾಸರಗೋಡಿನವರು ಮಲಯಾಳದ ಉದ್ದುದ್ದ ಕೂಡುಪದಗಳನ್ನು ಬಸ್ಸಿನ ಕಿಟಕಿಯಿಂದಲೇ ಬಿಡಿಸಿ ಓದುತ್ತಾರೆ. ಸೊಲ್ಲಾಪುರದವರಿಗೆ ಮರಾಠಿ, ಹೊಸೂರಿನವರಿಗೆ ತಮಿಳು, ಆದೋನಿಯವರಿಗೆ ತೆಲುಗು ಹೀಗೆಯೇ ಕೈಗೂಡಿದೆ. ಈಗ ನಮ್ಮ ಮಕ್ಕಳು ಓದಿಗೂ ಕೆಲಸಕ್ಕೂ ಇನ್ನೂ ದೂರ ಹೋಗುತ್ತಿದ್ದಾರೆ. ಅಂಥ ಒಂದು ಮನೆಯಿಂದ ನಮಗೆ ಬಂದ ಪ್ರಶ್ನೆ ಇದು: "ಮಗಳು ನಾರ್ವೆಯಿಂದ ಕಚೇರಿ ಪತ್ರದ ಫೋಟೊ ಕಳಿಸಿದ್ದಾಳೆ. ಒಂದೊಂದು ಪದ ಅರ್ಧ ಸಾಲು ಇದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು?"

ಈ ಸಲದ ಭಾಷಾ ಪುಟವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಾರ್ವೇಜಿಯನ್ ಉದ್ದ ಪದವನ್ನು ಅಕ್ಷರ ಅಕ್ಷರವಾಗಿ ಓದಬಾರದು, ಬೆಸುಗೆ ಹುಡುಕಿ ಓದಬೇಕು. ಬೆಸುಗೆ ಸಿಕ್ಕರೆ ಅರ್ಥವೂ ಸಿಗುತ್ತದೆ, ಉಚ್ಚಾರವೂ ಸಿಗುತ್ತದೆ. ಬೆಸುಗೆ ತಪ್ಪಿದರೆ ಎರಡೂ ತಪ್ಪುತ್ತವೆ.

ಈ ಲೇಖನದಲ್ಲಿ ಪದಗಳನ್ನು ಬರೆದಿರುವ ರೀತಿ

ನಾರ್ವೇಜಿಯನ್ ವರ್ಣಮಾಲೆಯಲ್ಲಿ 29 ಅಕ್ಷರಗಳಿವೆ. ಇಂಗ್ಲಿಷಿನ 26 ಅಕ್ಷರಗಳ ಜೊತೆ ಕೊನೆಯಲ್ಲಿ ಮೂರು ಹೆಚ್ಚುವರಿ ಸ್ವರಗಳು: 'ಎ' ಮತ್ತು 'ಇ' ಅಂಟಿಕೊಂಡ ಅಕ್ಷರ, ಅಡ್ಡಗೆರೆ ಎಳೆದ 'ಓ', ತಲೆಯ ಮೇಲೆ ಸಣ್ಣ ಸುತ್ತು ಇರುವ 'ಎ'.

ಅಂಟಿಕೊಂಡ ಅಕ್ಷರಕ್ಕೆ ನಮ್ಮ 'ಬ್ಯಾಂಕ್' ಪದದಲ್ಲಿ ಬರುವ ಸ್ವರ ಹತ್ತಿರ. ಸುತ್ತು ಇರುವ 'ಎ'ಯನ್ನು ನಮ್ಮ 'ಓ' ಎಂದು ಓದಬೇಕು. ಅಡ್ಡಗೆರೆಯ 'ಓ' ನಮ್ಮಲ್ಲಿಲ್ಲ. ಬಾಯಲ್ಲಿ 'ಏ' ಎನ್ನುತ್ತಾ ತುಟಿಯನ್ನು ಗುಂಡಗೆ ಮಾಡಿದರೆ ಬರುವ ಸ್ವರ ಅದು. ಅದನ್ನು ಇಲ್ಲಿ 'ಏ' ಅಥವಾ 'ಎ' ಎಂದೇ ಬರೆದಿದ್ದೇವೆ, ತುಟಿಯ ಕೆಲಸ ನಿಮ್ಮದು. 'ವೈ' ಅಕ್ಷರವೂ ಹಾಗೆಯೇ: 'ಈ' ಎನ್ನುತ್ತಾ ತುಟಿ ಗುಂಡಗಾಗಬೇಕು. ಸಾಮಾನ್ಯ 'ಓ' ಅಕ್ಷರ ಎಷ್ಟೋ ಪದಗಳಲ್ಲಿ 'ಊ' ಆಗುತ್ತದೆ. ಶಾಲೆಗೆ ಅವರು 'ಸ್ಕೂಲೆ' ಎನ್ನುತ್ತಾರೆ, ಬರೆಯುವುದು ಮಾತ್ರ ಒಂದೇ 'ಓ' ಹಾಕಿ.

ಇನ್ನೊಂದು ಮಾತು. ಇಂಗ್ಲಿಷಿನ 'ಟಿ', 'ಡಿ'ಗಳನ್ನು ನಾವು ಟ, ಡ ಎಂದು ಬರೆಯುವ ರೂಢಿ ಇದೆ. ನಾರ್ವೇಜಿಯನ್ನಿನಲ್ಲಿ ನಾಲಿಗೆ ಹಲ್ಲಿನ ಕಡೆಗೆ ಹೋಗುತ್ತದೆ, ಆದ್ದರಿಂದ ತ, ದ ಎಂದು ಬರೆಯುವುದೇ ಸರಿ. ಟ, ಡಗಳಿಗೆ ಆ ಭಾಷೆಯಲ್ಲಿ ಬೇರೆ ಕೆಲಸ ಇದೆ, ಮುಂದೆ ಹೇಳುತ್ತೇವೆ. ಇಲ್ಲಿ ಕೊಟ್ಟಿರುವುದು ರಾಜಧಾನಿ ಓಸ್ಲೋ ಸುತ್ತಮುತ್ತಲಿನ ಪೂರ್ವ ಭಾಗದ ಉಚ್ಚಾರ.

ಕೊನೆಯ ಪದವೇ ಯಜಮಾನ

ಸಮಾಸ ನಮಗೆ ಗೊತ್ತಿರುವ ವಿಷಯವೇ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥ ಪ್ರಧಾನ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅರಮನೆ ಎಂದರೆ ಮನೆಯೇ, ಅರಸನದು. ನಾರ್ವೇಜಿಯನ್ ಕೂಡುಪದದ ನಿಯಮವೂ ಇದೇ. ಹೂಸ್ ಎಂದರೆ ಮನೆ, ಬೋತ್ ಎಂದರೆ ದೋಣಿ. ಹೂಸ್‌ಬೋತ್ ಎಂದರೆ ಮನೆಯಂಥ ದೋಣಿ, ಬೋತ್‌ಹೂಸ್ ಎಂದರೆ ದೋಣಿ ಇಡುವ ಮನೆ. ಪದಗಳು ಅವೇ, ಸರದಿ ಬದಲಾದರೆ ವಸ್ತುವೇ ಬದಲು. ಪದದ ಲಿಂಗವನ್ನು ಹೇಳುವುದೂ ಕೊನೆಯ ಪದವೇ, ಪ್ರತ್ಯಯ ಹತ್ತುವುದೂ ಅದಕ್ಕೇ. ನಾವು 'ಅರಮನೆಯಲ್ಲಿ' ಎನ್ನುವಾಗ ವಿಭಕ್ತಿ ಕೊನೆಗೆ ಸೇರುವ ಹಾಗೆ.

ದಿನಬಳಕೆಯ ಎಷ್ಟೋ ವಸ್ತುಗಳಿಗೆ ಅವರು ಇಂಥ ಸರಳ ಜೋಡಣೆಯ ಹೆಸರಿಟ್ಟಿದ್ದಾರೆ. ಫ್ಲೀಪ್ಲಸ್ (ಹಾರುವ ಜಾಗ) ಎಂದರೆ ವಿಮಾನ ನಿಲ್ದಾಣ. ಸ್ತೇವ್‌ಸೂಗೆರ್ (ಧೂಳು ಹೀರುವುದು) ಎಂದರೆ ವ್ಯಾಕ್ಯೂಮ್ ಕ್ಲೀನರ್. ಶೇಲೆಸ್ಕಾಪ್ (ತಂಪು ಕಪಾಟು) ಎಂದರೆ ಫ್ರಿಜ್ಜು. ತನ್‌ಲೇಗೆ (ಹಲ್ಲು ವೈದ್ಯ) ಎಂದರೆ ಡೆಂಟಿಸ್ಟ್. ಹಾಗಾಗಿ ಉದ್ದ ಪದ ಕಂಡಾಗ ಎಡದಿಂದ ಬಲಕ್ಕೆ ಗಾಬರಿಯಿಂದ ಓಡಬೇಡಿ. ಮೊದಲು ಬಾಲ ನೋಡಿ. ಇದು ಮನೆಯೋ, ದುಡ್ಡೋ, ಗಡುವೋ, ಕಚೇರಿಯೋ ಎಂದು ಬಾಲವೇ ಹೇಳುತ್ತದೆ. ಉಳಿದದ್ದು ಬರೀ ವಿವರ.

ಬೆಸುಗೆಯ ಗುರುತು: 'ಸ್' ಮತ್ತು 'ಎ'

ಹೂಸ್‌ಬೋತ್‌ನಂತೆ ಎಷ್ಟೋ ಪದಗಳು ಅಂಟಿಲ್ಲದೆ ನೇರವಾಗಿ ಕೂಡುತ್ತವೆ. ಉಳಿದವುಗಳ ನಡುವೆ ಒಂದು ಸಣ್ಣ ಅಂಟು ಬರುತ್ತದೆ. ಹೆಚ್ಚಾಗಿ ಅದು 'ಸ್' ಅಥವಾ 'ಎ'. ಬಾಣ್ (ಮಗು), ಹಾಗೆ (ತೋಟ) ಸೇರಿದರೆ ಬಾಣೆಹಾಗೆ, ಅಂದರೆ ಮಕ್ಕಳ ತೋಟ, ಶಿಶುವಿಹಾರ. ನಡುವಿನ 'ಎ'ಯೇ ಅಂಟು. ಅರ್‌ಬೈದ್ (ಕೆಲಸ), ಪ್ಲಸ್ (ಜಾಗ) ಸೇರಿದರೆ ಅರ್‌ಬೈದ್ಸ್‌ಪ್ಲಸ್, ಕೆಲಸದ ಸ್ಥಳ. ಇಲ್ಲಿ 'ಸ್' ಅಂಟು. ನಮ್ಮ ಆಗಮ ಸಂಧಿಯಲ್ಲಿ ಯಕಾರ, ವಕಾರ ಬಂದು ಕೂರುವುದನ್ನು ನೆನಪಿಸಿಕೊಳ್ಳಿ.

ಈ 'ಸ್' ಎಲ್ಲಿ ಬರುತ್ತದೆ ಎಂಬುದಕ್ಕೆ ಎರಡು ಒಳ್ಳೆಯ ಸುಳಿವುಗಳಿವೆ.

ಒಂದು: ಮೊದಲ ಪದ -ಹೇತ್, -ತೇತ್, -ಶೂನ್, -ಇಙ್, -ಸ್ಕಾಪ್, -ದೊಮ್ ಎಂಬ ಪ್ರತ್ಯಯಗಳಿಂದ ಮುಗಿದರೆ ಅದರ ಹಿಂದೆ ಸಾಮಾನ್ಯವಾಗಿ 'ಸ್' ಬರುತ್ತದೆ. ಉದ್ದ ಪದದ ನಡುವೆ ಈ ಬಾಲಗಳಲ್ಲಿ ಒಂದು, ಅದರ ಬೆನ್ನಿಗೆ 'ಸ್' ಕಂಡರೆ ಅಲ್ಲೇ ಪೆನ್ಸಿಲಿನಿಂದ ಗೆರೆ ಎಳೆಯಿರಿ.

ಎರಡು: ಮೊದಲ ಭಾಗವೇ ಒಂದು ಕೂಡುಪದವಾಗಿದ್ದರೆ ಅದರ ಹಿಂದೆ ಎಷ್ಟೋ ಸಲ 'ಸ್' ಬರುತ್ತದೆ. ವೀನ್‌ಗ್ಲಸ್ ಎಂದರೆ ವೈನ್ ಲೋಟ, ಅಲ್ಲಿ 'ಸ್' ಅಂಟಿಲ್ಲ. ಕೆಂಪು ವೈನಿನ ಲೋಟಕ್ಕೆ ಮಾತ್ರ ರೇವೀನ್ಸ್‌ಗ್ಲಸ್ ಎನ್ನಬೇಕು. 'ರೇವೀನ್' (ಕೆಂಪು ವೈನ್) ಒಂದು ಗಂಟು, ಲೋಟ ಬೇರೆ ಎಂದು ಆ 'ಸ್' ಹೇಳುತ್ತದೆ. ಲೋಟವೇ ಕೆಂಪಾಗಿದ್ದರೆ ಎರಡು ಪದ ಮಾಡಿ 'ರೆತ್ ವೀನ್‌ಗ್ಲಸ್' ಎನ್ನುತ್ತಾರೆ. ಒಂದು 'ಸ್' ಬಣ್ಣ ಯಾವುದಕ್ಕೆ ಸೇರಿದ್ದೆಂದು ತೀರ್ಮಾನಿಸುತ್ತದೆ.

ಆದರೆ ಕಂಡ 'ಸ್' ಎಲ್ಲ ಅಂಟಲ್ಲ. ಅರ್‌ಬೈದ್ಸ್‌ತೀದ್ (ಕೆಲಸದ ಸಮಯ) ಪದದಲ್ಲಿ 'ಸ್' ಅಂಟು, ಏಕೆಂದರೆ ಮುಂದಿನ ಪದ ತೀದ್. ಫೂತ್‌ಬಲ್‌ಸ್ತೆವ್ಲೆರ್ (ಫುಟ್‌ಬಾಲ್ ಬೂಟುಗಳು) ಪದದಲ್ಲಿ 'ಸ್' ಮುಂದಿನ ಪದದ್ದೇ. ಅರ್‌ಬೈದ್ಸ್‌ಸ್ತಿರ್ಕೆ (ಕೆಲಸಗಾರರ ಬಲ) ಪದದಲ್ಲಿ ಎರಡು 'ಸ್' ಅಕ್ಕಪಕ್ಕ ನಿಂತಿವೆ. ಒಂದು ಅಂಟು, ಇನ್ನೊಂದು ಮುಂದಿನ ಪದದ ಮೊದಲಕ್ಷರ. ಅನುಮಾನ ಬಂದರೆ ಎರಡೂ ಕಡೆ ಬಿಡಿಸಿ ನೋಡಿ. ಉಳಿದ ತುಂಡು ನಿಘಂಟಿನಲ್ಲಿ ಸಿಗುವ ಪದವಾಗಿದ್ದರೆ ಆ ಬೆಸುಗೆಯೇ ಸರಿ.

ಮಾಯವಾದ ಮೂರನೆಯ ಅಕ್ಷರ

ಒಂದೇ ವ್ಯಂಜನವನ್ನು ಮೂರು ಸಲ ಸಾಲಾಗಿ ಬರೆಯುವುದು ನಾರ್ವೇಜಿಯನ್ನಿನಲ್ಲಿ ಇಲ್ಲ. 'ನತ್' (ರಾತ್ರಿ) ಪದದ ಕೊನೆಯಲ್ಲಿ ಎರಡು 'ಟಿ' ಬರೆಯುತ್ತಾರೆ. 'ತೋಗ್' (ರೈಲು) ಪದದ ಮೊದಲಲ್ಲಿ ಒಂದು 'ಟಿ'. ರಾತ್ರಿ ರೈಲು ಎಂಬ ಕೂಡುಪದದಲ್ಲಿ ಮೂರು ಇರಬೇಕಿತ್ತು, ಬರೆಯುವುದು ಎರಡೇ: ನತ್ತೋಗ್. ಬಸ್ ನಿಲ್ದಾಣ ಬುಸ್ತೊಪ್ ಆಗುವಾಗ ಹೀಗೆಯೇ ಒಂದು 'ಎಸ್' ಉದುರುತ್ತದೆ. ಟ್ರಾಫಿಕ್ ಜಾಮಿಗೆ ಅವರು 'ಸಂಚಾರದ ಬಿರಡೆ' ಎನ್ನುತ್ತಾರೆ. ತ್ರಫಿಕ್, ಕೊರ್ಕ್ ಸೇರಿ ತ್ರಫಿಕ್ಕೊರ್ಕ್, ಅಲ್ಲಿಯೂ ಒಂದು 'ಕೆ' ಹೋಗಿದೆ.

ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಪದವನ್ನು ಅಡ್ಡಗೆರೆ ಹಾಕಿ ಮುರಿದರೆ, ಉದುರಿದ ಅಕ್ಷರ ಮರಳಿ ಬರುತ್ತದೆ. ಮೇಲಿನ ಸಾಲಿನಲ್ಲಿ ಎರಡು 'ಟಿ' ಇರುವ ನತ್, ಕೆಳಗಿನ ಸಾಲಿನಲ್ಲಿ ಪೂರ್ತಿ ತೋಗ್. ಹೀಗಾಗಿ ಪುಸ್ತಕದಲ್ಲಿ ಒಂದೇ ಪದ ಎರಡು ಬಗೆಯ ಕಾಗುಣಿತದಲ್ಲಿ ಕಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ.

ಸಾಲು ಮುರಿಯುವ ನಿಯಮ

ಕನ್ನಡದಲ್ಲಿ ಪದ ಮುರಿಯುವುದು ಕಣ್ಣಿಗೇ ಸುಲಭ. ಕಾ-ಸ-ರ-ಗೋ-ಡು, ಒಂದೊಂದು ಅಕ್ಷರವೂ ಒಂದು ಉಚ್ಚಾರದ ತುಂಡು. ರೋಮನ್ ಲಿಪಿಯಲ್ಲಿ ಹಾಗಿಲ್ಲ, ಅದಕ್ಕೆ ನಿಯಮ ಬೇಕು. ನಾರ್ವೇಜಿಯನ್ ನಿಯಮದ ಸಾರ ಎರಡು ಮಾತು.

ಕೂಡುಪದವಾದರೆ ಮೊದಲು ಬೆಸುಗೆಯಲ್ಲಿ ಮುರಿಯಬೇಕು: ಬಾಣೆ-ಹಾಗೆ, ಅರ್‌ಬೈದ್ಸ್-ಪ್ಲಸ್. ಅಂಟು ಮೊದಲ ಭಾಗದ ಜೊತೆಯಲ್ಲೇ ಉಳಿಯುತ್ತದೆ, ಮುಂದಿನದಕ್ಕೆ ಹೋಗುವುದಿಲ್ಲ.

ಬಿಡಿ ಪದವಾದರೆ ಒಂದು ವ್ಯಂಜನ ಮಾತ್ರ ಕೆಳಗಿನ ಸಾಲಿಗೆ ಹೋಗಬೇಕು: ವಿನ್-ತೆರ್ (ಚಳಿಗಾಲ), ಸೊಮ್-ಮೆರ್ (ಬೇಸಿಗೆ). ಇದಕ್ಕೆ ಅವರು 'ಒಂದು ವ್ಯಂಜನದ ನಿಯಮ' ಎಂದೇ ಹೆಸರಿಟ್ಟಿದ್ದಾರೆ.

ಇನ್ನೊಂದು ಬಗೆಯ ಅಡ್ಡಗೆರೆಯೂ ಉಂಟು. ಎರಡು ಕೂಡುಪದಗಳಿಗೆ ಒಂದೇ ಬಾಲ ಇದ್ದಾಗ ಮೊದಲನೆಯದರ ಬಾಲ ಕತ್ತರಿಸಿ ಗೆರೆ ಹಾಕುತ್ತಾರೆ. ನಾವ್ ಎಂದು ಚಿಕ್ಕದಾಗಿ ಕರೆಯುವ, 2006ರಲ್ಲಿ ಆರಂಭವಾದ ಕಾರ್ಮಿಕ ಮತ್ತು ಕಲ್ಯಾಣ ಆಡಳಿತದ ಪೂರ್ಣ ಹೆಸರು ಹೀಗಿದೆ: ಅರ್‌ಬೈದ್ಸ್- ಒ ವೆಲ್‌ಫೆರ್ದ್ಸ್‌ಫೊರ್‌ವಲ್ತ್‌ನಿಙೆನ್. 'ಒ' ಎಂದರೆ ಮತ್ತು. ಮೊದಲ ಪದದ ಕೊನೆಯ ಗೆರೆ 'ನನ್ನ ಬಾಲ ಮುಂದಿದೆ, ನೋಡು' ಎನ್ನುತ್ತದೆ.

ಒಂದು ಪದಕ್ಕೆ ಒಂದೇ ಮುಖ್ಯ ಒತ್ತು

ಈಗ ಉಚ್ಚಾರಕ್ಕೆ ಬರೋಣ. ಕೂಡುಪದ ಎಷ್ಟೇ ಉದ್ದವಿದ್ದರೂ ದನಿಯ ಮುಖ್ಯ ಒತ್ತು ಒಂದೇ. ಅದು ಬೀಳುವುದು ಮೊದಲ ಮೂಲಪದದಲ್ಲಿ. ಮುಂದಿನ ಭಾಗಗಳಿಗೆ ಸಣ್ಣ ಒತ್ತು ಮಾತ್ರ. ಅರ್ಥದಲ್ಲಿ ಕೊನೆಯ ಪದ ಯಜಮಾನ, ದನಿಯಲ್ಲಿ ಮೊದಲ ಪದ ಯಜಮಾನ. ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ಮೊದಲ ಮೂಲಪದ ಎಂದರೆ ಮೊದಲ ಅಕ್ಷರ ಎಂದಲ್ಲ. ಆ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಫೊರೆಲ್ದ್ರೆ (ತಂದೆತಾಯಿ) ಪದದಲ್ಲಿ ಒತ್ತು 'ರೆಲ್' ಮೇಲೆ. ಫೊರೆಲ್ದ್ರೆಪೆಙೆರ್ (ಹೆರಿಗೆ, ಶಿಶುಪಾಲನೆಯ ರಜೆಯಲ್ಲಿ ಸಿಗುವ ಹಣ) ಎಂದಾಗಲೂ ಅಲ್ಲೇ. ತ್ರಫಿಕ್ಕೊರ್ಕ್ ಪದದಲ್ಲಿ 'ಫಿಕ್' ಮೇಲೆ.

ಒತ್ತು ಬಿದ್ದ ಉಚ್ಚಾರಾಂಶ ಹೇಗಿರಬೇಕು ಎಂಬುದಕ್ಕೆ ನಮ್ಮ ಛಂದಸ್ಸಿನಲ್ಲೇ ಉತ್ತರ ಇದೆ. ದೀರ್ಘ ಸ್ವರ ಇದ್ದರೆ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ನಾರ್ವೇಜಿಯನ್ನಿನಲ್ಲಿ ಒತ್ತು ಬೀಳುವ ಉಚ್ಚಾರಾಂಶ ಯಾವಾಗಲೂ ಗುರುವೇ. ಒಂದೋ ಸ್ವರ ಎಳೆಯಬೇಕು, ಇಲ್ಲವೇ ವ್ಯಂಜನವನ್ನು ಒತ್ತಿ ಹಿಡಿಯಬೇಕು. ತಾಕ್ ಎಂದರೆ ಮನೆಯ ಮಾಡು, ತಕ್ ಎಂದು ಕಡೆಯ 'ಕ್' ಒತ್ತಿದರೆ 'ಧನ್ಯವಾದ'. ಬರಹದಲ್ಲಿ ವ್ಯಂಜನ ಎರಡು ಸಲ ಬಂದರೆ ಹಿಂದಿನ ಸ್ವರ ಹ್ರಸ್ವ ಎಂದು ತಿಳಿಯಿರಿ.

ಕನ್ನಡಿಗರು ಮಾಡುವ ತಪ್ಪು ಬಹುತೇಕ ಇಲ್ಲೇ ಇದೆ, ಅದೂ ಎರಡು ಬಗೆಯದು. ನಮ್ಮ ಮಾತು ವ್ಯಂಜನದಲ್ಲಿ ಮುಗಿಯಲು ಒಪ್ಪುವುದಿಲ್ಲ, ಕೊನೆಗೆ ಒಂದು 'ಉ' ಸೇರಿಸುತ್ತೇವೆ. ಬಸ್ಸು, ಕಾರು, ಗ್ಲಾಸು ಹೀಗೆ ಹುಟ್ಟಿದವು. ವೀನ್‌ಗ್ಲಸ್ ಎರಡೇ ಉಚ್ಚಾರಾಂಶದ ಪದ. ನಾವು 'ವೀನುಗ್ಲಾಸು' ಎಂದರೆ ನಾಲ್ಕಾಗುತ್ತದೆ. ಏಳು ಬೆಸುಗೆಯ ಪದದಲ್ಲಿ ಏಳು 'ಉ' ಸೇರಿದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. ಎರಡನೆಯದು, ನಾವು ಎಲ್ಲ ಅಕ್ಷರಗಳಿಗೂ ಸಮಾನ ತೂಕ ಕೊಟ್ಟು ಓದುತ್ತೇವೆ. ಅಲ್ಲಿ ಒತ್ತಿಲ್ಲದ ಉಚ್ಚಾರಾಂಶ ಸಣ್ಣಗಾಗಿ, ಬೇಗ ದಾಟಿ ಹೋಗಬೇಕು.

ಸ್ವರದ ಏರಿಳಿತ

ನಾರ್ವೇಜಿಯನ್ನಿನಲ್ಲಿ ಪದಕ್ಕೆ ಒಂದು ರಾಗವೂ ಇದೆ. ಎರಡು ಬಗೆ. ಪೂರ್ವ ಭಾಗದಲ್ಲಿ ಮೊದಲ ಬಗೆ ತಗ್ಗಿನಿಂದ ಏರುತ್ತದೆ. ಎರಡನೆಯದು ಮೇಲಿನಿಂದ ಇಳಿದು ಮತ್ತೆ ಏರುತ್ತದೆ. 'ಬೆನ್ನೆರ್' ಎಂಬುದನ್ನು ಮೊದಲ ರಾಗದಲ್ಲಿ ಹೇಳಿದರೆ ರೈತರು, ಎರಡನೆಯದರಲ್ಲಿ ಹೇಳಿದರೆ ಹುರುಳಿಕಾಯಿಯಂಥ ಕಾಳು. ಬರಹದಲ್ಲಿ ರಾಗಕ್ಕೆ ಗುರುತಿಲ್ಲ. ಕೂಡುಪದ ಎಷ್ಟೇ ಉದ್ದವಾಗಿರಲಿ, ಅದಕ್ಕೆಲ್ಲ ಸೇರಿ ಒಂದೇ ರಾಗ. ಪೂರ್ವ ಭಾಗದಲ್ಲಿ ಅದು ಹೆಚ್ಚಾಗಿ ಎರಡನೆಯದು. ಕೆಲವು ಊರುಗಳ ಆಡುಮಾತಿನಲ್ಲಿ ಈ ಎರಡು ರಾಗಗಳ ಭೇದವೇ ಇಲ್ಲ, ಆದ್ದರಿಂದ ಹೊಸಬರು ಇದಕ್ಕೆ ಹೆದರಬೇಕಿಲ್ಲ. ಒತ್ತು ಸರಿಯಿದ್ದರೆ ಮಾತು ತಿಳಿಯುತ್ತದೆ.

ನಮ್ಮ ಟ, ಡ, ಣ, ಳ, ಷಗಳಿಗೆ ಅಲ್ಲಿ ಕೆಲಸ

ಕನ್ನಡಿಗರಿಗೆ ಸಂತೋಷದ ಸುದ್ದಿ ಇದು. ಪೂರ್ವ, ಮಧ್ಯ, ಉತ್ತರ ನಾರ್ವೆಯ ಮಾತಿನಲ್ಲಿ 'ರ್' ಮುಂದೆ ತ, ದ, ನ, ಲ, ಸ ಬಂದರೆ ಎರಡೂ ಬೆರೆತು ನಾಲಿಗೆ ಹಿಂದಕ್ಕೆ ಮಡಚುತ್ತದೆ. ಅವು ನಮ್ಮ ಟ, ಡ, ಣ, ಳ, ಷಗಳೇ. ಮಗುವಿಗೆ 'ಬಾಣ್' ಎಂದು ಮೇಲೆ ಬರೆದದ್ದು ಅದಕ್ಕೇ, ಬರಹದಲ್ಲಿ ಅಲ್ಲಿ 'ರ್', 'ನ್' ಎರಡೂ ಇವೆ. ನಕ್ಷೆಗೆ 'ಕಟ್', ಮುತ್ತಿಗೆ 'ಪ್ಯಾಳೆ'. ತಮ್ಮ ಭಾಷೆಯ ಹೆಸರನ್ನೇ ಅವರು 'ನೊಷ್ಕ್' ಎನ್ನುತ್ತಾರೆ. ಇಂಗ್ಲಿಷ್ ಬಲ್ಲ ಎಷ್ಟೋ ವಿದೇಶಿಯರು ಈ ಧ್ವನಿಗಳಿಗೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ, ನಮಗೆ ಅವು ಹುಟ್ಟಿನಿಂದ ಬಂದವು. ವರ್ಣಮಾಲೆಯಲ್ಲಿ ಹೆಚ್ಚು ಕೆಲಸವಿಲ್ಲದೆ ಕೂತಿರುವ ನಮ್ಮ 'ಙ' ಕೂಡ ಅಲ್ಲಿ ದಿನಬಳಕೆಯದು. ಪೆಙೆರ್ ಎಂದರೆ ದುಡ್ಡು.

ಉದ್ದ ಪದಕ್ಕೆ ಇದರಿಂದ ಏನು? ಈ ಬೆರೆಯುವಿಕೆ ಬೆಸುಗೆಯನ್ನೂ ದಾಟುತ್ತದೆ. ಸೊಮ್ಮೆರ್ (ಬೇಸಿಗೆ), ದಾಗ್ (ದಿನ) ಸೇರಿದರೆ ಬಾಯಲ್ಲಿ 'ಸೊಮ್ಮೆಡಾಗ್'. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವಾಗ, ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಆಗುವ ಬದಲಾವಣೆಯನ್ನು ನಾವು ಬರಹದಲ್ಲೇ ತೋರಿಸುತ್ತೇವೆ. ಅವರು ಬರಹದಲ್ಲಿ ತೋರಿಸುವುದಿಲ್ಲ, ಬಾಯಲ್ಲಿ ಮಾತ್ರ ಮಾಡುತ್ತಾರೆ. ಹೀಗಾಗಿ ಓದಿದ ಪದ ಕಿವಿಗೆ ಬಿದ್ದಾಗ ಬೇರೆ ಪದದಂತೆ ಕೇಳಿಸುತ್ತದೆ. ಪಶ್ಚಿಮದ ಬ್ಯಾರ್ಗೆನ್, ಸ್ತವಾಙೆರ್ ಊರುಗಳಲ್ಲಿ 'ರ್' ಗಂಟಲಿನಿಂದ ಬರುತ್ತದೆ, ಅಲ್ಲಿ ಈ ಬೆರಕೆ ಇಲ್ಲ.

ಮೌನ ಅಕ್ಷರಗಳನ್ನೂ ಗಮನಿಸಿ. 'ಬೂರ್' (ಮೇಜು) ಪದದ ಕೊನೆಯ 'ಡಿ' ಹೇಳುವುದಿಲ್ಲ. 'ಆ ಮನೆ' ಎಂಬ ನಿರ್ದಿಷ್ಟ ಅರ್ಥಕ್ಕೆ ಹೂಸ್ ಪದದ ಕೊನೆಗೆ 'ಇ', 'ಟಿ' ಸೇರಿಸುತ್ತಾರೆ, ಹೇಳುವಾಗ 'ಹೂಸೆ' ಮಾತ್ರ. ಎಷ್ಟೋ ಕಚೇರಿಗಳ ಹೆಸರು ಈ ಮೌನ 'ಟಿ'ಯಲ್ಲೇ ಮುಗಿಯುತ್ತದೆ.

60 ಅಕ್ಷರದ ಪದವನ್ನು ಬಿಡಿಸೋಣ

ನಾರ್ವೇಜಿಯನ್ನಿನ ಅತಿ ಉದ್ದದ ಪದ ಎಂದು ಮತ್ತೆ ಮತ್ತೆ ಉದಾಹರಿಸುವ ಪದದಲ್ಲಿ 60 ಅಕ್ಷರಗಳಿವೆ. ನಿತ್ಯ ಯಾರೂ ಬಳಸುವುದಿಲ್ಲ, ಆದರೆ ಅಭ್ಯಾಸಕ್ಕೆ ಒಳ್ಳೆಯದು. ಬೆಸುಗೆಗಳಲ್ಲಿ ಬಿಡಿಸಿದರೆ ಏಳೇ ಭಾಗ:

- ಮಿನುರಿತೇತ್ + ಸ್ (ಅಲ್ಪಸಂಖ್ಯೆ)
- ಲಾದ್‌ನಿಙ್ + ಸ್ (ವಿದ್ಯುದಾವೇಶ)
- ಬ್ಯಾರೆರ್ (ಹೊರುವಂಥದ್ದು)
- ದಿಫುಶೂನ್ + ಸ್ (ವಿಸರಣ)
- ಕುಎಫಿಸಿಎನ್ತ್ (ಗುಣಾಂಕ)
- ಮೋಲಿಙ್ + ಸ್ (ಅಳತೆ)
- ಅಪರತೂರ್ (ಉಪಕರಣ)

ಬಾಲ ನೋಡಿದರೆ ಇದು ಒಂದು ಉಪಕರಣ. ಅಲ್ಪಸಂಖ್ಯೆಯ ವಿದ್ಯುದಾವೇಶ ವಾಹಕಗಳ ವಿಸರಣ ಗುಣಾಂಕ ಅಳೆಯುವ ಸಾಧನ, ಅರೆವಾಹಕಗಳ ವಿಜ್ಞಾನಕ್ಕೆ ಸೇರಿದ್ದು. -ತೇತ್, -ಇಙ್, -ಶೂನ್ ಬಾಲವಿರುವ ನಾಲ್ಕು ಕಡೆ 'ಸ್' ಬಂದಿದೆ, ಉಳಿದ ಕಡೆ ಇಲ್ಲ. ನಿಯಮ ಎಷ್ಟು ಚೊಕ್ಕವಾಗಿ ಕೆಲಸ ಮಾಡಿದೆ ನೋಡಿ. ಒಟ್ಟು 22 ಉಚ್ಚಾರಾಂಶಗಳು. ಮುಖ್ಯ ಒತ್ತು ನಾಲ್ಕನೆಯದಾದ 'ತೇತ್' ಮೇಲೆ. ಬ್ಯಾರೆರ್ ಮುಂದೆ ದಿಫುಶೂನ್ ಬಂದಲ್ಲಿ 'ರ್', 'ದ್' ಬೆರೆತು 'ಡ' ಆಗಬಹುದು.

58 ಅಕ್ಷರದ ಇನ್ನೊಂದು ಪ್ರಸಿದ್ಧ ಪದ 'ಫಿಲ್ಕೆ'ಯಿಂದ ಶುರುವಾಗುತ್ತದೆ. ಫಿಲ್ಕೆ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, 2024ರಿಂದ ನಾರ್ವೆಯಲ್ಲಿ ಅಂಥವು 15 ಇವೆ. ಜಿಲ್ಲಾ ಸಂಚಾರ ಸುರಕ್ಷಾ ಸಮಿತಿಯ ಕಾರ್ಯಾಲಯದ ಮುಖ್ಯಸ್ಥರ ಕಾರ್ಯಗಳು ಎಂದು ಅದರ ಅರ್ಥ. ಏಳು ಭಾಗಗಳಿದ್ದರೂ ಬಹುವಚನದ ಪ್ರತ್ಯಯ ಹತ್ತಿರುವುದು ಕೊನೆಯ 'ಕಾರ್ಯ' ಪದಕ್ಕೆ ಮಾತ್ರ.

ಬಿಡಿಸಿ ಬರೆದರೆ ಏನಾಗುತ್ತದೆ?

ಓದುವಾಗ ಮನಸ್ಸಿನಲ್ಲಿ ಬಿಡಿಸಬೇಕು, ಬರೆಯುವಾಗ ಬಿಡಿಸಬಾರದು. ಇಂಗ್ಲಿಷಿನ ಪ್ರಭಾವದಿಂದ ನಾರ್ವೆಯವರೇ ನಡುವೆ ಜಾಗ ಬಿಟ್ಟು ಬರೆಯುವುದು ಹೆಚ್ಚಾಗಿದೆ ಎಂಬ ದೂರಿದೆ, ಆ ತಪ್ಪಿಗೆ ಅಲ್ಲಿ ನಗೆಚಾಟಿಕೆಯೂ ಉಂಟು. ಲಮ್ಮೆಲೋರ್ ಎಂದರೆ ಕುರಿಮರಿಯ ತೊಡೆ ಮಾಂಸ. ಬಿಡಿಸಿ ಬರೆದರೆ 'ಲಕ್ವ ಹೊಡೆದ ತೊಡೆಗಳು'. ಅನನಸ್‌ಬೀತೆರ್ ಎಂದರೆ ನಮ್ಮ ಅನಾನಸಿನ ತುಂಡುಗಳೇ. ಬಿಡಿಸಿದರೆ 'ಅನಾನಸು ಕಚ್ಚುತ್ತದೆ'. ಯಕೃತ್ತಿಗೂ 'ಬದುಕುತ್ತದೆ' ಎಂಬುದಕ್ಕೂ ಬರಹ ಒಂದೇ ಆದ್ದರಿಂದ, ಹುರಿದ ಕೋಳಿಯ ಲಿವರ್ ಎಂಬುದನ್ನು ಬಿಡಿಸಿ ಬರೆದರೆ 'ಹುರಿದ ಕೋಳಿ ಬದುಕಿದೆ' ಎಂದಾಗುತ್ತದೆ. ರೆಯ್ಕ್‌ಫ್ರಿತ್ ಎಂದರೆ ಧೂಮಪಾನ ಮುಕ್ತ. ನಡುವೆ ಜಾಗ ಬಿಟ್ಟರೆ 'ಧಾರಾಳವಾಗಿ ಸೇದಿ' ಎಂಬ ಆಹ್ವಾನ!

ಕಿವಿಗೆ ಈ ಗೊಂದಲ ಇಲ್ಲ. ಒಂದೇ ಪದವಾದರೆ ಒಂದು ಮುಖ್ಯ ಒತ್ತು, ಎರಡು ಪದವಾದರೆ ಎರಡು. ಬರಹದ ಖಾಲಿ ಜಾಗ ಮಾಡುವ ಕೆಲಸವನ್ನು ಬಾಯಲ್ಲಿ ಒತ್ತು ಮಾಡುತ್ತದೆ.

ಪತ್ರದಲ್ಲಿ ಬರುವ ಪದಗಳು

ನಾರ್ವೆಯಲ್ಲಿ ಇರುವ ನಮ್ಮವರಿಗೆ ಬೇಕಾಗುವ ಕೆಲವು ಪದಗಳು ಕೆಳಗಿವೆ. ಒತ್ತು ಬೀಳುವ ಜಾಗವನ್ನೂ ಕೊಟ್ಟಿದ್ದೇವೆ.

- ಒಪ್‌ಹೊಲ್ಸ್ + ತಿಲ್ಲಾತೆಲ್ಸೆ: ವಾಸದ ಪರವಾನಗಿ. 18 ಅಕ್ಷರ, 6 ಉಚ್ಚಾರಾಂಶ, ಒತ್ತು 'ಒಪ್' ಮೇಲೆ.
- ಊತ್‌ಲೆನ್ನಿಙ್ಸ್ + ದಿರೆಕ್ತುರಾತೆ: ವಿದೇಶಿಯರ ವಿಷಯ ನೋಡಿಕೊಳ್ಳುವ ನಿರ್ದೇಶನಾಲಯ. 22 ಅಕ್ಷರ, ಒತ್ತು 'ಊತ್' ಮೇಲೆ. ಕೊನೆಯ 'ಟಿ' ಮೌನ.
- ಫೆತ್ಸೆಲ್ಸ್ + ನುಮ್ಮೆರ್: 'ಜನನ ಸಂಖ್ಯೆ', ಅಂದರೆ 11 ಅಂಕಿಯ ಗುರುತು ಸಂಖ್ಯೆ. ಒತ್ತು 'ಫೆತ್' ಮೇಲೆ.
- ಸೀಕೆ + ಹೂಸ್: ಆಸ್ಪತ್ರೆ. ಒತ್ತು 'ಸೀ' ಮೇಲೆ.
- ಲೇಗೆ + ವಕ್ತ್: ವೈದ್ಯರ ಕಾವಲು, ಅಂದರೆ ಹೊತ್ತಲ್ಲದ ಹೊತ್ತಿನ ತುರ್ತು ಚಿಕಿತ್ಸಾ ಕೇಂದ್ರ. ಇದರ ಫೋನ್ ಸಂಖ್ಯೆ 116117. ಜೀವಕ್ಕೆ ಅಪಾಯವಿದ್ದರೆ ಆಂಬುಲೆನ್ಸಿಗೆ 113.
- ದಾಗ್ + ಪೆಙೆರ್: 'ದಿನದ ದುಡ್ಡು', ಕೆಲಸ ಕಳೆದುಕೊಂಡವರಿಗೆ ಸಿಗುವ ಭತ್ಯೆ.
- ಸೇಕ್‌ನಾದ್ಸ್ + ಫ್ರಿಸ್ತ್: ಅರ್ಜಿ ಸಲ್ಲಿಸುವ ಗಡುವು.
- ಕ್ಲಾಗೆ + ಫ್ರಿಸ್ತ್: ಮೇಲ್ಮನವಿಯ ಗಡುವು.

ಕೊನೆಯ ಎರಡನ್ನು ಬೇರೆಯಾಗಿಯೇ ನೆನಪಿಡಿ. ಪದದ ಬಾಲ 'ಫ್ರಿಸ್ತ್' ಎಂದು ಕಂಡರೆ ಅಲ್ಲಿ ಒಂದು ಗಡುವು ಇದೆ ಎಂದೇ ಅರ್ಥ. ಸರ್ಕಾರಿ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಸಾಮಾನ್ಯ ನಿಯಮದಂತೆ ಇರುವುದು 3 ವಾರ. ಕೆಲವು ಇಲಾಖೆಗಳಲ್ಲಿ ಬೇರೆ ಗಡುವು ಇರುತ್ತದೆ, ಆದ್ದರಿಂದ ಪತ್ರದಲ್ಲಿ ಬರೆದದ್ದನ್ನೇ ನಂಬಬೇಕು. ಪದ ಉದ್ದವಾಯಿತೆಂದು ಕಣ್ಣು ಹಾರಿಸಿ ಮುಂದೆ ಹೋದರೆ ಕಳೆದುಕೊಳ್ಳುವುದು ಒಂದು ಪದವನ್ನಲ್ಲ, ಒಂದು ಹಕ್ಕನ್ನು.

ಎರಡು ಬರಹ, ನೂರು ಬಾಯಿ

ಕೊನೆಯದಾಗಿ ಒಂದು ಎಚ್ಚರಿಕೆ, ಒಂದು ಸಮಾಧಾನ. ನಾರ್ವೇಜಿಯನ್ನಿಗೆ ಎರಡು ಅಧಿಕೃತ ಬರಹ ರೂಪಗಳಿವೆ: ಬೂಕ್‌ಮೋಲ್ ಮತ್ತು ನೀನೊಷ್ಕ್. 1885ರಲ್ಲಿ ಅಲ್ಲಿನ ಸಂಸತ್ತು ಎರಡಕ್ಕೂ ಸಮಾನ ಸ್ಥಾನ ಕೊಟ್ಟಿತು. ಮೇಲಿನ ಪಟ್ಟಿ ಬೂಕ್‌ಮೋಲ್ ರೂಪದ್ದು. ನೀನೊಷ್ಕ್‌ನಲ್ಲಿ ಆಸ್ಪತ್ರೆಯ ಮೊದಲ ಭಾಗದ ಕಾಗುಣಿತವೇ ಬೇರೆ, ವಾಸದ ಪರವಾನಗಿಗೆ ಪದವೇ ಬೇರೆ. ಬೆಸುಗೆಯ ವಿಧಾನ ಮಾತ್ರ ಅದೇ.

ಉಚ್ಚಾರಕ್ಕೆ ಅಲ್ಲಿ ಒಂದೇ ಅಧಿಕೃತ ಮಾದರಿ ಇಲ್ಲ. ಸಂಸತ್ತಿನಲ್ಲೂ ಟಿವಿಯಲ್ಲೂ ಜನ ತಮ್ಮ ಊರಿನ ಮಾತನ್ನೇ ಆಡುತ್ತಾರೆ. ಶಾಲೆಯ ಪಾಠ ಆದಷ್ಟು ಮಕ್ಕಳ ಸ್ವಂತ ಆಡುಮಾತಿನಲ್ಲಿ ನಡೆಯಬೇಕೆಂದು 1878ರಷ್ಟು ಹಿಂದೆಯೇ ಸಂಸತ್ತು ತೀರ್ಮಾನಿಸಿತ್ತು. ಕಾಸರಗೋಡಿನ ಕನ್ನಡ ಬೇರೆ, ಜತ್ತದ ಕನ್ನಡ ಬೇರೆ, ತಾಳವಾಡಿಯದು ಬೇರೆ ಎಂಬ ಮಾತು ಕೇಳುತ್ತಲೇ ಬೆಳೆದ ನಮಗೆ ಈ ಸಂಗತಿ ತಿಳಿದಿರಲಿ. ಒತ್ತು ಮೊದಲ ಪದದ ಮೇಲಿದ್ದು, ಬೆಸುಗೆ ಸರಿಯಿದ್ದು, ಕೊನೆಗೆ 'ಉ' ಸೇರದಿದ್ದರೆ ನಿಮ್ಮ ಊರಿನ ಲಯದಲ್ಲಿ ಆಡಿದ ನಾರ್ವೇಜಿಯನ್ನೂ ಅಲ್ಲಿ ಅರ್ಥವಾಗುತ್ತದೆ.

ಒಟ್ಟಿನಲ್ಲಿ ಕ್ರಮ ಇಷ್ಟೇ. ಬಾಲ ನೋಡಿ, ಅದು ಏನೆಂದು ತಿಳಿಯಿರಿ. 'ಸ್', 'ಎ' ಅಂಟುಗಳನ್ನು ಹುಡುಕಿ ಗೆರೆ ಎಳೆಯಿರಿ. ಎರಡು ವ್ಯಂಜನ ಕಂಡಲ್ಲಿ ಮೂರನೆಯದು ಉದುರಿದೆಯೇ ಎಂದು ನೋಡಿ. ಮೊದಲ ಪದಕ್ಕೆ ಒತ್ತು ಕೊಟ್ಟು, ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ. ಬರೆಯುವಾಗ ಮತ್ತೆ ಕೂಡಿಸಿ.

ನಿಮ್ಮ ಮನೆಯವರಿಗೆ ಬಂದ ಪತ್ರಗಳಲ್ಲಿ ಬಿಡಿಸಲಾಗದ ಪದ ಇದ್ದರೆ, ಹೆಸರು, ಸಂಖ್ಯೆಗಳನ್ನು ಅಳಿಸಿ ಆ ಪದವನ್ನಷ್ಟೇ ಸಂಘಕ್ಕೆ ಕಳಿಸಿ. ಮುಂದಿನ ಭಾಷಾ ಪುಟದಲ್ಲಿ ಎಲ್ಲರೂ ಸೇರಿ ಬಿಡಿಸೋಣ.